ಅಂಗಿ ತೋಳಿನ ಪುಡಿಂಗ್

ಹಿಲ್ಡಾ ಆರ್ಮರಾಡ್ ಮಾಡುತ್ತಿದ್ದ ಪುಡಿಂಗಿಗೆ ಊರಿನಲ್ಲಿ ಎರಡು ಹೆಸರು. ಹೆಂಗಸರು ಅಂಗಿ ತೋಳಿನ ಪುಡಿಂಗ್ ಎನ್ನುತ್ತಿದ್ದರು. ಕೊಬ್ಬು ಬೆರೆಸಿದ ಹಿಟ್ಟನ್ನು ಲಟ್ಟಿಸಿ, ಜಾಮ್ ಸವರಿ, ಸುರುಳಿ ಸುತ್ತಿ, ಗಂಡನ ಹಳೇ ಅಂಗಿಯ ತೋಳಿನೊಳಗೆ ತೂರಿಸಿ, ತುದಿಗಳಿಗೆ ದಾರ ಕಟ್ಟಿ ಬೇಯಿಸುವುದು ಇಂಗ್ಲೆಂಡಿನ ಲ್ಯಾಂಕಾಶೈರ್ ಕಡೆಯ ಪದ್ಧತಿ. ಗಂಡಸರು ಅದನ್ನೇ ಸತ್ತವನ ತೋಳು ಎಂದು ಕರೆದು, ನಾಚಿಕೆಯಿಲ್ಲದೆ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದರು. ಹಿಲ್ಡಾಳ ಗಂಡ ಸೆತ್ ಅಂತೂ ಪ್ರತಿ ಸಲ ತನ್ನ ತೋಳು ಚಾಚಿ, "ಇದನ್ನ ಬೇಯಿಸ್ಬೇಡ ಕಣೇ, ಇನ್ನೂ ಜೀವ ಇದೆ" ಎನ್ನುವನು. ಊರಿಗೆಲ್ಲ ಆ ಜೋಕು ಸಾಕಾಗಿಹೋಗಿತ್ತು. ನಲವತ್ತು ವರ್ಷ ಅದಕ್ಕೆ ನಕ್ಕವಳು ಹಿಲ್ಡಾ ಒಬ್ಬಳೇ.

ಚಳಿಗಾಲದಲ್ಲಿ ಸೆತ್ ತೀರಿಕೊಂಡ. ಅವನ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟ ಹಿಲ್ಡಾ, ನೀಲಿ ಗೆರೆಯ ಅಂಗಿಯೊಂದನ್ನು ಮಾತ್ರ ಇಟ್ಟುಕೊಂಡಳು. ಶರತ್ಕಾಲದಲ್ಲಿ ಚರ್ಚಿನವರು ಸುಗ್ಗಿಯ ಊಟಕ್ಕೆ ಎಂದಿನಂತೆ ಅವಳ ಪುಡಿಂಗನ್ನೇ ಕೇಳಿದಾಗ ಅವಳು ಆ ಅಂಗಿಯನ್ನು ಹೊರತೆಗೆದು ನೋಡಿ ಮತ್ತೆ ಮಡಿಸಿಟ್ಟಳು. ಕತ್ತರಿಸಲು ಉಳಿದದ್ದು ಆ ಒಂದೇ ಅಂಗಿ.

ನಾದಿನಿ ಮೇಬಲ್ ಬಿಳಿ ಬಟ್ಟೆ ತಂದುಕೊಟ್ಟಳು. ಅದರಲ್ಲಿ ಸುತ್ತಿ ಒಂದನ್ನು ಬೇಯಿಸಿ ನೋಡಿದರೆ, ಪಕ್ಕೆ ಒಡೆದು ಜಾಮೆಲ್ಲ ನೀರುಪಾಲಾಯಿತು.

"ಹೋಗ್ಲಿ, ನಮ್ಮನೆಯವರ ಅಂಗಿ ಕೊಡ್ಲಾ?" ಎಂದಳು ಮೇಬಲ್.

"ಇಷ್ಟು ವರ್ಷ ಬೇರೆ ಗಂಡಸಿನ ತೋಳು ಹಿಡಿದವಳಲ್ಲ ನಾನು. ಈಗ್ಯಾಕೆ ಮಾರಾಯ್ತಿ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಹಗುರಾದ ಮೇಲೆ ಹಿಲ್ಡಾ ಎದ್ದು ಹೋಗಿ ಕತ್ತರಿ ತಂದಳು.

ಸುಗ್ಗಿಯ ಊಟದ ದಿನ ಎಲ್ಲರ ಮುಂದೆ ದಾರ ಬಿಚ್ಚಿ ತೋಳನ್ನು ಎಳೆದಾಗ ಪುಡಿಂಗ್ ದುಂಡಗೆ, ಗಟ್ಟಿಯಾಗಿ ಹೊರಬಂತು. ಮೊಣಕೈ ಬಳಿ ಅವಳೇ ಹಿಂದೊಮ್ಮೆ ಹಾಕಿದ್ದ ತೇಪೆಯ ಚೌಕ ಗುರುತು, ಹೊಲಿಗೆಯ ಸಮೇತ, ಪುಡಿಂಗಿನ ಮೇಲೆ ಅಚ್ಚೊತ್ತಿತ್ತು. ಆ ತೇಪೆ ಯಾರ ಅಂಗಿಯದೆಂದು ಊರಿಗೆಲ್ಲ ಗೊತ್ತು. ಗದ್ದಲ ನಿಂತುಹೋಯಿತು. ಆ ಪುಡಿಂಗಿನ ಹೆಸರೆತ್ತಲು ಒಬ್ಬ ಗಂಡಸಿಗೂ ಬಾಯಿ ಬರಲಿಲ್ಲ. ಚಮಚ ಹಿಡಿದವರು ಹಿಡಿದಂತೆಯೇ ಕೂತರು.

ಆ ಮೌನ ಹಿಲ್ಡಾಳಿಗೆ ಸಹಿಸಲಾಗಲಿಲ್ಲ. ಸೆತ್ ಇದ್ದ ಕಡೆ ಯಾವತ್ತೂ ಹೀಗೆ ಬಿಮ್ಮೆಂದದ್ದಿಲ್ಲ. ಅವಳು ಚಾಕು ಎತ್ತಿಕೊಂಡಳು.

"ತಿನ್ರಪ್ಪಾ, ಚೆನ್ನಾಗಿ ಬೆಂದಿದೆ. ಈ ಸಲ ಅವ್ನು ಬೇಯಿಸ್ಬೇಡ ಅನ್ಲಿಲ್ಲ."

ಸೆತ್‌ನ ಜೋಕಿಗೆ ಊರೆಲ್ಲ ನಕ್ಕದ್ದು ಅದೇ ಮೊದಲು.