ಅತ್ತೆಯವರ ಹೆಸರಿನ ಜೀರುಂಡೆ

"ಅತ್ತಿಯವರ, ಮುಟ್ಟಬ್ಯಾಡ್ರಿ!" ಎಂದು ನಾನು ಕೂಗುವಷ್ಟರಲ್ಲಿ ಅವರ ಒದ್ದೆ ಸೆರಗು ನನ್ನ ಹೊಸ ಜೀರುಂಡೆಯ ಬೆನ್ನನ್ನು ಒರೆಸಿಯಾಗಿತ್ತು.

ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಅದು. ಹೆಸರಿಡುವ ಹುಚ್ಚು ನನಗೂ ಹತ್ತಿತ್ತು. ಶಹಾಬಾದಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನಾನು, ಸೌದೆಯಿಂದ ಉದುರುವ ಪುಟ್ಟ ಉದ್ದಮೀಸೆಯ ಜೀರುಂಡೆಗಳನ್ನು ಹಿಡಿದು ಡಬ್ಬಿಯಲ್ಲಿ ಜಾತಿವಾರು ವಿಂಗಡಿಸಿಡುತ್ತಿದ್ದೆ. ಜೋಳದ ಕಾಳಿನಷ್ಟು ಮೈ, ಅದಕ್ಕಿಂತ ಉದ್ದ ಮೀಸೆ. ಎಲ್ಲವೂ ಕಂದು, ಇದೊಂದೇ ಬೂದು! ನನ್ನ ಬಳಿಯಿದ್ದ ಯಾವ ಪುಸ್ತಕದಲ್ಲೂ ಇಂಥದ್ದಿರಲಿಲ್ಲ. ಹೊಸ ಜಾತಿಯೇ ಸರಿ ಎಂದು ಮನೆಯಲ್ಲಿ ಸಾರಿ, ಅದಕ್ಕೆ ಅತ್ತೆ ಗುರುಬಸಮ್ಮನವರ ಹೆಸರಿಡುವುದಾಗಿ ಮಾತು ಕೊಟ್ಟುಬಿಟ್ಟೆ. ಸುದ್ದಿ ಮುಟ್ಟಿದ್ದೇ ತಡ, ಅವರು ಇಳಕಲ್ ಸೀರೆಯುಟ್ಟು ತಮ್ಮೂರು ದಂಡೋತಿಯಿಂದ ಬಂದಿಳಿದರು.

"ನನ್ನ ಹೆಸರ ಇಡೋ ಹುಳಾ ಇಷ್ಟ್ ಹೊಲಸ ಇರಬೇಕೇನ್ರಿ ಮಾಸ್ತರ?" ಎಂದು ಸೆರಗು ತೋರಿಸಿದರು. ಅದಕ್ಕೆ ಬೂದು ಪುಡಿ ಮೆತ್ತಿತ್ತು. ಪಕ್ಕದಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲು ಕೊಯ್ಯುವ ಜಾಗದಿಂದ ಹಾರಿಬಂದು ನಮ್ಮ ಪಾತ್ರೆ, ಹಾಸಿಗೆ, ನನ್ನ ತಲೆಗೂದಲು ಎಲ್ಲದರ ಮೇಲೂ ಕೂರುತ್ತಿದ್ದ ಅದೇ ಧೂಳು! ಭೂತಗನ್ನಡಿ ಹಿಡಿದು ನೋಡಿದೆ. ಧೂಳಿನೊಳಗಿದ್ದದ್ದು ಅಪ್ಪಟ ಕಂದು ಜೀರುಂಡೆ, ಡಬ್ಬಿಯಲ್ಲಿದ್ದವುಗಳ ಖಾಸಾ ತಮ್ಮ. ಒರೆಸುವ ರಭಸಕ್ಕೆ ಒಂದು ಮೀಸೆಯೂ ಹೋಗಿತ್ತು.

ಹೊಸ ಜಾತಿ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ಹುಳಕ್ಕೆ ಕೊಟ್ಟ ಹೆಸರನ್ನು ವಾಪಸ್ ಪಡೆಯಲು ಅತ್ತೆ ಒಪ್ಪಲೇ ಇಲ್ಲ. ಇಂದಿಗೂ ಸೌದೆಯಿಂದ ಅಂಥ ಹುಳ ಉದುರಿದರೆ ನನ್ನ ಹೆಂಡತಿ ಕಸಬರಿಗೆ ಕೆಳಗಿಟ್ಟು ಹೇಳುತ್ತಾಳೆ: "ಸರೀರಿ, ಅವ್ವ ಬಂದಾಳ."