ಕುಣಿಗಲ್‌ಗೆ ಹೋದ ಬೊಂಬಾಯಿ ಚೀಲ

೧೯೬೩ನೇ ಇಸವಿ. ಬೊಂಬಾಯಿಯಲ್ಲಿದ್ದ ನನ್ನ ತಂಗಿ ಶಾರದೆಗೆ ಶನಿವಾರ ಬೆಳಿಗ್ಗೆ ಹೊಟ್ಟೆಯ ಆಪರೇಷನ್ ಗೊತ್ತಾಗಿತ್ತು. ‘ಅಣ್ಣನ ಮುಖ ನೋಡದೆ ಒಳಗೆ ಹೋಗಲ್ಲ’ ಎಂದು ಅವಳ ಹಟ. ನನಗೆ ಕಚೇರಿಯಲ್ಲಿ ರಜೆ ಸಿಕ್ಕಿದ್ದು ಶುಕ್ರವಾರದಿಂದ. ರೈಲಿನಲ್ಲಾದರೆ ಒಂದೂವರೆ ದಿನ. ಐನೂರು ಚಿಲ್ಲರೆ ಮೈಲಿಯನ್ನು ವಿಮಾನ ಮೂರು ಗಂಟೆಯೊಳಗೆ ಮುಗಿಸುತ್ತದೆಂದು ಶಾರದೆಯ ಗಂಡ, ನಮ್ಮ ಭಾವನವರು, ಬೆಂಗಳೂರಿನಿಂದ ಬೊಂಬಾಯಿಗೆ ಟಿಕೆಟ್ ತೆಗೆಸಿ ಕಳಿಸಿದರು.

ವಿಮಾನ ಬಿದ್ದರೇನು ಗತಿ ಎಂಬುದು ನನ್ನ ಚಿಂತೆ. ಅಮ್ಮನ ಚಿಂತೆ ಬೇರೆ. ತುಮಕೂರಿನಿಂದ ನಾನು ಹೊರಡುವ ಹೊತ್ತಿಗೆ ಸರಿಯಾಗಿ ರಾಹುಕಾಲ!

“ಇವತ್ತೇ ಒಳ್ಳೆ ಗಳಿಗೇಲಿ ಪಕ್ಕದ ಮನೇಲಿ ಪರಸ್ಥಾನ ಇಟ್ಬಿಡೋ. ಚೀಲ ಹೋದ್ರೆ ನೀನೂ ಹೊರಟ ಹಾಗೇ ಲೆಕ್ಕ. ಆಮೇಲೆ ಅದು ನಮ್ಮ ಹೊಸ್ತಿಲು ದಾಟಬಾರದು ನೋಡು,” ಎಂದರು.

ಗುರುವಾರ ಬೆಳಿಗ್ಗೆಯೇ ಬಟ್ಟೆ, ಟಿಕೆಟ್ ಎಲ್ಲ ತುಂಬಿದ ಚೀಲವನ್ನು ಪಕ್ಕದ ಮನೆಯ ರುದ್ರಣ್ಣನವರಿಗೆ ಒಪ್ಪಿಸಿದೆ. ಗುಬ್ಬಿ ಕಡೆಯ ಕೊಬ್ಬರಿ ವ್ಯಾಪಾರಿ, ಬಲು ಒಳ್ಳೆಯ ಮನುಷ್ಯ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! “ಟಿಕೆಟ್ ಇದೆ ರುದ್ರಣ್ಣ, ಹುಷಾರು,” ಎಂದು ಮೂರು ಸಲ ಹೋಗಿ ಹೇಳಿ ಬಂದೆ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಅವರ ಮನೆಗೆ ಬೀಗ. ಮಗಳ ಮದುವೆ ಮಾತುಕತೆಗೆಂದು ಹಿಂದಿನ ಸಂಜೆಯೇ ಮನೆಯವರೆಲ್ಲ ಕುಣಿಗಲ್‌ಗೆ ಹೋಗಿದ್ದರಂತೆ. ಮೊದಲ ಬಸ್ಸಿಗೆ ರುದ್ರಣ್ಣ ಒಬ್ಬರೇ ಬಂದು, ಮಧ್ಯಾಹ್ನದ ಮಾತುಕತೆಗೆ ವಾಪಸಾಗುವರಂತೆ. ಬಸ್ಸು ಬಂತು, ರುದ್ರಣ್ಣ ಬರಲಿಲ್ಲ. ಬೀಗ ಒಡೆಯಲು ಕಲ್ಲು ಹುಡುಕುತ್ತಿದ್ದೆ. ಅಷ್ಟರಲ್ಲಿ ಎದುರಿನ ಅಕ್ಕಿ ಗಿರಣಿಯವರು ಕೂಗಿದರು: “ಸ್ವಾಮಿ, ಕುಣಿಗಲ್‌ನಿಂದ ಫೋನು!”

ರುದ್ರಣ್ಣನದೇ ದನಿ. “ಚೀಲ ನನ್ ಹತ್ರನೇ ಐತೆ. ನೀವು ಅಷ್ಟು ಹೇಳಿದ್ಮೇಲೆ ಖಾಲಿ ಮನೇಲಿ ಹೆಂಗೆ ಬುಟ್ಟು ಬರ್ಲಿ? ಬಸ್ಸು ಕೈಕೊಡ್ತು. ನೀವು ಸೀದಾ ಏರೋಪ್ಲೇನ್ ತಾವ್ಕೇ ಹೋಗಿ. ನಾನು ಲಾರೀಲಿ ಅಲ್ಲಿಗೇ ಬತ್ತೀನಿ.”

“ಮಗಳ ಮಾತುಕತೆ ರುದ್ರಣ್ಣ?” ಎಂದೆ. ಆಗಲೇ ಫೋನು ಇಟ್ಟಿದ್ದರು.

ಕೈಬೀಸಿಕೊಂಡು ಬಸ್ಸು ಹತ್ತಿದೆ. ರಾಹುಕಾಲದ ನೆನಪೂ ಬರಲಿಲ್ಲ. ದಾರಿಯುದ್ದಕ್ಕೂ ಲಾರಿಗಳು ಹಳ್ಳಕ್ಕೆ ಬೀಳುವುದೇ ಕಣ್ಣ ಮುಂದೆ. ವಿಮಾನ ನಿಲ್ದಾಣದಲ್ಲಿ ಬೊಂಬಾಯಿಯವರನ್ನು ಕರೆಯತೊಡಗಿದರು. ನಾನು ಬಾಗಿಲಿಗೂ ರಸ್ತೆಗೂ ಓಡಾಡುತ್ತಿದ್ದೆ. ಅಷ್ಟರಲ್ಲಿ ಮೈತುಂಬ ಕೆಂಧೂಳು ಮೆತ್ತಿಕೊಂಡ ರುದ್ರಣ್ಣ ಚೀಲವನ್ನು ಎದೆಗವಚಿಕೊಂಡು ಓಡಿ ಬಂದರು.

“ಮಾತುಕತೆ ಬಿಟ್ಟು ಬಂದ್ರಾ? ಗಂಡಿನವರು ಏನಂದ್ಕೊಂಡ್ರೋ!” ಎಂದೆ.

“ಅಯ್ಯೋ, ಬೀಗರೇ ಲಾರಿ ನಿಲ್ಸಿ ಹತ್ತಿಸಿದ್ರು ಸ್ವಾಮಿ. ‘ಆಪರೇಷನ್ ಹೆಣ್ಮಗಳು ಬೊಂಬಾಯಲ್ಲಿ ಅಣ್ಣನ್ನ ಕಾಯ್ತಾವ್ಳೆ, ನಮ್ಮ ಮಾತು ನಾಳೆ ಆಡಿದ್ರಾಯ್ತು’ ಅಂದ್ರು. ಇಂಥ ಮನೆಗೆ ಹೆಣ್ಣು ಕೊಡದೆ ಇನ್ಯಾರಿಗೆ ಕೊಡ್ಲಿ? ನಡೀರಿ, ನಡೀರಿ!”

ಆ ಸಂಜೆಯೇ ಆಸ್ಪತ್ರೆ ಸೇರಿದೆ. ಶಾರದೆ ನನ್ನ ಕೈ ಹಿಡಿದು, “ಬಂದ್ಯಾ ಅಣ್ಣ, ಈಗ ಭಯ ಇಲ್ಲ,” ಎಂದಳು. ಬೆಳಿಗ್ಗೆ ನಗುತ್ತಲೇ ಒಳಗೆ ಹೋದಳು, ಚೆನ್ನಾಗಿ ಹೊರಗೆ ಬಂದಳು.

ವಿಮಾನದಲ್ಲಿ ಬೊಂಬಾಯಿಗೆ ಎಷ್ಟು ಹೊತ್ತು ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ನಾನು ಕುಣಿಗಲ್‌ನಿಂದ ಲೆಕ್ಕ ಶುರು ಮಾಡುತ್ತೇನೆ.