ಮಾವನ ಎಡಗೈ ಪಾಸು ಮಾಡಿದ ಎಣ್ಣೆ

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಬೀದಿಯವರ ಬಾಯಲ್ಲಿ ಎಣ್ಣೆಯಮ್ಮ. ಬಿರಿದ ಹಿಮ್ಮಡಿ, ಒಡೆದ ತುಟಿ, ಚಳಿಗೆ ಬೂದಿ ಬಳಿದಂತಾದ ಮೊಣಕಾಲು, ಏನು ತೋರಿಸಿದರೂ ಅವಳ ಹತ್ತಿರ ಅದಕ್ಕೊಂದು ಸೀಸೆ ಇರುತ್ತಿತ್ತು. ಹಿಮ್ಮಡಿಗೆ ಹರಳೆಣ್ಣೆ, ಮೈಗೆ ಎಳ್ಳೆಣ್ಣೆ, ಮುಖಕ್ಕೆ ಬಾದಾಮಿ ಎಣ್ಣೆ. "ಚೆನ್ನಾಗಿದ್ದೀಯಾ?" ಎಂದು ಕೇಳಿದವರಿಗೆ "ನಿನ್ನ ಕೆನ್ನೆ ಯಾಕೆ ಹಾಗೆ ಒಣಗಿದೆ?" ಎಂಬುದೇ ಅವಳ ಉತ್ತರ. ಹೀಗಾಗಿ ನೆಂಟರಲ್ಲಿ ಅವಳನ್ನು ಕಂಡರೆ ಮುಖ ಮುಚ್ಚಿಕೊಂಡು ಓಡುವವರೇ ಜಾಸ್ತಿ.

ಇಂಥವಳನ್ನು ಕಟ್ಟಿಕೊಂಡ ಮಾವ ಟೈಲರ್. ಅದೂ ಬಿಳಿ ಬಟ್ಟೆಯ ಟೈಲರ್! ಡಾಕ್ಟರುಗಳ ಕೋಟು, ನರ್ಸುಗಳ ಉಡುಪು, ಹೋಟೆಲ್ ಅಡುಗೆಯವರ ಅಂಗಿ, ಎಲ್ಲ ಅವರ ಮಿಷನ್ನಿನ ಕೆಳಗೇ ಹಾದು ಹೋಗುತ್ತಿದ್ದವು. ಮನೆಯ ಮುಂದಿನ ಕೋಣೆ ಅವರದು, ಹಿಂದಿನದು ಅತ್ತೆಯದು, ನಡುವೆ ಒಂದು ದಪ್ಪ ಪರದೆ. ಹಿಂದೆ ಅತ್ತೆ ಕೈಗಾಣದ ಹಿಡಿ ತಿರುಗಿಸುತ್ತಿದ್ದರೆ ಒಂದು ಕಡೆಯಿಂದ ಹಿಂಡಿ, ಇನ್ನೊಂದು ಕಡೆಯಿಂದ ಎಣ್ಣೆ ಇಳಿಯುತ್ತಿತ್ತು. ಸೋಪು ಹಾಕಿ ಕೈ ತೊಳೆಯದೆ ಯಾರೂ ಪರದೆ ದಾಟುವಂತಿರಲಿಲ್ಲ. ಬೆಕ್ಕಿಗೂ ಆ ಕಾನೂನು ಗೊತ್ತಿತ್ತು ಎಂದು ಕಾಣುತ್ತದೆ, ಅದು ಕಿಟಕಿಯಿಂದಲೇ ಓಡಾಡುತ್ತಿತ್ತು.

ಆದರೆ ಎರಡು ತೊಟ್ಟು ಎಣ್ಣೆ ಮಾತ್ರ ಪರದೆ ದಾಟುತ್ತಿತ್ತು. ಮಾವನದು ಉಣ್ಣೆಯ ಸ್ವೆಟರ್ ತಗುಲಿದರೂ ದದ್ದು ಏಳುವ ಮೈ. ಅತ್ತೆಯ ಅಂಗೈಯೋ ಎಣ್ಣೆ ಕುಡಿದು ಕುಡಿದು ಜಡ್ಡುಗಟ್ಟಿತ್ತು, ಬೆಂಕಿ ಇಟ್ಟರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಹೊಸದಾಗಿ ಏನು ಬೆರೆಸಿದರೂ ಬೆಳಿಗ್ಗೆ ಮಾವನ ಅಂಗಿಯ ಎಡತೋಳು ಮೇಲೆತ್ತಿ, ಮೊಣಕೈಯ ಒಳಮಡಿಕೆಗೆ ಎರಡು ತೊಟ್ಟು ಹಚ್ಚಿ, ತೋಳು ಇಳಿಸಿ ಹೋಗುವಳು. ಮರುದಿನ ಕಾಫಿ ಕೊಡುವಾಗ ವಿಚಾರಣೆ.

"ತುರಿಕೆ?"

"ಇಲ್ಲ."

"ಉರಿ?"

"ಇಲ್ಲ."

ಅಲ್ಲಿಗೆ ಎಣ್ಣೆ ಪಾಸು. "ನಮ್ಮ ಮನೆಯವರ ಕೈ ಪಾಸು ಮಾಡಿದ್ದು, ಕಣ್ಣು ಮುಚ್ಚಿಕೊಂಡು ಹಚ್ಚಿಕೊಳ್ಳಿ" ಎಂದು ಹೇಳಿಯೇ ಅವಳು ಸೀಸೆ ಕೈಗಿಡುತ್ತಿದ್ದಳು. ಆ ಮಾತು ಹೇಳುವಾಗ ಅವಳ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು. ಅವಳ ವ್ಯಾಪಾರವೆಲ್ಲ ನಿಂತಿದ್ದದ್ದು ಆ ಒಂದು ಮಾತಿನ ಮೇಲೆ.

ಈ ಮಾತಿಗೆ ಬಗ್ಗದವಳು ನಮ್ಮಮ್ಮ ಒಬ್ಬಳೇ. ಅಮ್ಮ ಶಾಲೆಯಲ್ಲಿ ಟೀಚರ್. ಅತ್ತೆಗೂ ಅವಳಿಗೂ ಎಣ್ಣೆ ಸೀಗೆಕಾಯಿ. "ಮುಖಕ್ಕೆ ಎಣ್ಣೆ ಹಾಕೋಕೆ ನಾನೇನು ಬಾಣಲೆನಾ?" ಎನ್ನುವಳು. ಆ ಚಳಿಗಾಲದಲ್ಲಿ ಮಾತ್ರ ಅವಳ ಹಟ ಮುರಿಯಿತು. ತರಗತಿಯ ಒಂದು ಪುಟ್ಟ ಹುಡುಗಿ "ಮಿಸ್, ನಿಮ್ಮ ಕೆನ್ನೆಗೆ ಚಾಕ್‌ಪುಡಿ ಮೆತ್ತಿದೆ" ಎಂದು ಒರೆಸಲು ಬಂದಳಂತೆ. ಒರೆಸಿದರೆ ಹೋಗುವುದಕ್ಕೆ ಅದು ಚಾಕ್‌ಪುಡಿ ಆಗಿರಲಿಲ್ಲ.

"ಕೊಡು ಅದೇನೋ ನಿನ್ನ ಎಣ್ಣೆ. ಆದರೆ ಘಮ ಇರಬೇಕು," ಎಂದಳು ಅಮ್ಮ.

ಅತ್ತೆಗೆ ಸ್ವರ್ಗ ಮೂರೇ ಗೇಣು. ಅತ್ತಿಗೆಯ ಮುಖ ಕೊನೆಗೂ ಕೈಗೆ ಸಿಕ್ಕಿತ್ತು! ಬಾದಾಮಿ ಎಣ್ಣೆಗೆ ದಾಲ್ಚಿನ್ನಿ ಎಣ್ಣೆ ಬೆರೆಸಿದಳು. ಘಮ ಸಾಲದೆನಿಸಿ ಇನ್ನಷ್ಟು ಬೆರೆಸಿದಳು. ಮಾವನ ಕೈಗೆ ಹಚ್ಚಿದಳು. ತುರಿಕೆ ಇಲ್ಲ, ಉರಿ ಇಲ್ಲ, ಪಾಸು.

ಅಮ್ಮ ಅದನ್ನು ಹಚ್ಚಿಕೊಂಡು ಶಾಲೆಗೆ ಹೋದಳು. ಎರಡನೇ ಪೀರಿಯಡ್ಡಿಗೆ ಮುಖ ಟೊಮೇಟೊ, ರೆಪ್ಪೆಗಳು ಪೂರಿ. ಅರ್ಧ ದಿನ ರಜೆ ಹಾಕಿ, ಸಾಕ್ಷಿಗೆ ಇರಲಿ ಎಂದು ಮನೆಯಲ್ಲಿದ್ದ ನನ್ನನ್ನೂ ಎಳೆದುಕೊಂಡು ನೇರ ಅತ್ತೆಯ ಮನೆಗೆ ನುಗ್ಗಿದಳು.

ಅತ್ತೆ ಬೆಚ್ಚಿಬಿದ್ದು ಒದ್ದೆಬಟ್ಟೆ ತಂದು ಅಮ್ಮನ ಮುಖಕ್ಕೆ ಒತ್ತಿದಳು. "ಇದು ಹೇಗಾಯ್ತು ಅತ್ತಿಗೆ? ಇವರ ಕೈಗೆ ಏನೂ ಆಗಲಿಲ್ಲ. ತೋರಿಸ್ರೀ!"

ಮಾವ ತೋಳೆತ್ತಿ ತೋರಿಸಿದರು. ಮೊಣಕೈ ಮಗುವಿನ ಕೈಯ ಹಾಗಿತ್ತು. ಅಮ್ಮ ಮೆತ್ತಗಾದಳು. "ಹಾಗಿದ್ರೆ ನನ್ನ ಚರ್ಮಾನೇ ಸರಿಯಿಲ್ವೇನೋ" ಎಂದಳು.

ಮಾವ ತೆಪ್ಪಗಿದ್ದರೆ ಅಂದು ಗೆದ್ದುಬಿಡುತ್ತಿದ್ದರು. ಅವರು ತೆಪ್ಪಗೇ ಇದ್ದರು ಕೂಡ. ಆದರೆ ಅತ್ತೆ ಬಿಡಬೇಕಲ್ಲ! ಅದೇ ಸೀಸೆ ತಂದು, ನಮ್ಮೆದುರೇ ಅವರ ಮೊಣಕೈಗೆ ಮತ್ತೆ ಎರಡು ತೊಟ್ಟು ಹಚ್ಚಿ, ಅಮ್ಮನಿಗೆ ಕುಡಿಯಲು ನೀರು ತರಲು ಒಳಗೆ ಹೋದಳು. ಪರದೆ ಬೀಳುತ್ತಿದ್ದಂತೆ ಮಾವನ ಬಲಗೈ ತನ್ನಷ್ಟಕ್ಕೆ ಹೊರಟಿತು. ಮಿಷನ್ನಿನ ಕೆಳಗಿಂದ ಒಂದು ಚಿಂದಿ ತೆಗೆದು ಮೊಣಕೈ ಒರೆಸಿತು. ಡಬ್ಬಿಯಿಂದ ಪೌಡರ್ ಉದುರಿಸಿ ಇನ್ನೊಮ್ಮೆ ಒರೆಸಿತು. ಪಾಪ, ಮಾವ ಅದನ್ನು ಬೇಕೆಂದು ಮಾಡಲಿಲ್ಲ. ಕೈಗೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು.

"ಏನಣ್ಣ ಅದು ಮಾಡ್ತಿರೋದು?" ಎಂದಳು ಅಮ್ಮ.

ಅತ್ತೆ ನೀರಿನ ಲೋಟ ಹಿಡಿದು ಪರದೆಯ ಹತ್ತಿರ ನಿಂತಿದ್ದಳು. ಅವಳೂ ನೋಡಿದ್ದಳು.

"ಯಾವಾಗಿಂದ?" ಎಂದು ಕೇಳಿದಳು.

ಮಾವ ಚಿಂದಿಯನ್ನು ಮುದ್ದೆ ಮಾಡುತ್ತ, "ಆ ಡಾಕ್ಟರ ಕೋಟಿಗೆ ಎಣ್ಣೆ ಕಲೆ ಆಯ್ತಲ್ಲ, ಅವತ್ತಿಂದ" ಎಂದರು.

"ಅದು ನಾವು ಮದುವೆಯಾದ ವರ್ಷ ಕಣ್ರೀ!"

ಇನ್ನೇನು ಮನೆ ಹಾರಿಹೋಗುತ್ತದೆ ಎಂದು ನಾನು ಕಾದೆ. ಅತ್ತೆ ಕೂಗಲಿಲ್ಲ. "ಅಂದ್ರೆ ಇಷ್ಟು ದಿನ ನಾನು ಊರಿಗೆಲ್ಲ ಸುಳ್ಳು ಹೇಳಿದ ಹಾಗಾಯ್ತು" ಎಂದಷ್ಟೇ ಹೇಳಿ ಒಳಗೆ ಹೋದಳು. ಗಾಣದ ಹಿಡಿ ಕಳಚಿ ಅಟ್ಟಕ್ಕೆ ಹಾಕಿದ ಸದ್ದು ಕೇಳಿಸಿತು. ಅಮ್ಮ ಊದಿದ ಮುಖ ಮರೆತು ಪರದೆಯನ್ನೇ ನೋಡುತ್ತಿದ್ದಳು.

ಅಮ್ಮನ ಮುಖ ಕೆಲವೇ ದಿನಗಳಲ್ಲಿ ಸರಿಹೋಯಿತು. ಅತ್ತೆಯ ಕೋಣೆ ಮಾತ್ರ ತೆರೆಯಲಿಲ್ಲ. ಸೀಸೆ ಹಿಡಿದು ಬಂದವರಿಗೆ "ಇಲ್ಲ, ಬಿಟ್ಟುಬಿಟ್ಟೆ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದಳು. ಒಂದು ಸಂಜೆ ಮಾವ ಜೋಲು ಮುಖ ಹಾಕಿಕೊಂಡು ನಮ್ಮ ಮನೆಗೆ ಬಂದರು.

"ಎಷ್ಟು ಸಲ ತಪ್ಪಾಯ್ತು ಅಂದೆ ಅಕ್ಕಾ. ಸರಿ ಬಿಡಿ ಅಂತಾಳೆ. ಅವಳು ಬೈದಿದ್ರೆ ಚೆನ್ನಾಗಿತ್ತು. ಹೀಗೇ ಇದ್ರೆ ಇನ್ಯಾವತ್ತೂ ಗಾಣ ಮುಟ್ಟೋದಿಲ್ಲ ಅವಳು."

"ಬಾಯಿ ಮಾತಿನ ಮೇಲೆ ನಂಬಿಕೆ ಹೋಗಿದೆ ಅವಳಿಗೆ. ಬಾಯಿ ಬಿಟ್ಟು ಬೇರೆ ಏನಾದ್ರೂ ಇದ್ರೆ ನೋಡಿ," ಎಂದಳು ಅಮ್ಮ. ಟೀಚರ್ ಅಲ್ಲವೇ, ಪೂರ್ತಿ ಉತ್ತರ ಹೇಳಿಕೊಡುವ ಅಭ್ಯಾಸ ಅವಳಿಗಿಲ್ಲ.

ಭಾನುವಾರ ನಾವು ಅಲ್ಲಿಗೆ ಹೋದಾಗ ಮಾವ ಮಿಷನ್ನಿಗೆ ಹೊದಿಕೆ ಹಾಕಿ, ದೊಡ್ಡ ಕತ್ತರಿ ಹಿಡಿದು ಕೂತಿದ್ದರು. ಕಪಾಟಿನ ಅಂಗಿಗಳೆಲ್ಲ ಮೇಜಿನ ಮೇಲಿದ್ದವು, ಪ್ರತಿಯೊಂದಕ್ಕೂ ಎಡತೋಳು ಮಾಯ! ಮದುವೆಮನೆಗಳಿಗೆಂದೇ ಎತ್ತಿಟ್ಟ ರೇಷ್ಮೆ ಅಂಗಿಯನ್ನೂ ಬಿಟ್ಟಿರಲಿಲ್ಲ. ಮೈಮೇಲಿದ್ದ ಅಂಗಿಯೂ ಒಂಟಿತೋಳು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

"ಬಾರೇ ಇಲ್ಲಿ," ಎಂದು ಕೂಗಿದರು. ಅತ್ತೆ ಬಂದು, ತೋಳಿಲ್ಲದ ಅಂಗಿಗಳ ರಾಶಿ ಕಂಡು ಬಾಯಿ ಮೇಲೆ ಕೈಯಿಟ್ಟಳು. ಮಾವ ಬೆತ್ತಲೆ ಕೈಯನ್ನು ಕಿಟಕಿಯ ಬೆಳಕಿಗೆ ಚಾಚಿದರು. "ಹಚ್ಚು. ಇನ್ಮೇಲೆ ಮುಚ್ಚಿಡೋಕೆ ತೋಳೇ ಇಲ್ಲ."

"ಯಾವುದು ಹಚ್ಚಲಿ?"

"ಅದೇ. ಅಕ್ಕನಿಗೆ ಕೊಟ್ಟಿದ್ದೇ."

ಅತ್ತೆ ಸೀಸೆ ತಂದಳು. ಎರಡು ತೊಟ್ಟಿನ ಜಾಗದಲ್ಲಿ ನಾಲ್ಕು ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ, ಕೈ ನಡುಗಿ ಬಿದ್ದದ್ದಂತೂ ಅಲ್ಲ. ಆಮೇಲೆ ಅವರೆದುರು ಸ್ಟೂಲು ಹಾಕಿಕೊಂಡು ಕೂತಳು. ಮಾವ ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡರು. ಸ್ವಲ್ಪ ಹೊತ್ತಿಗೆ ಮೊಣಕೈ ಕೆಂಪಾಯಿತು. ಮಾವ ತುಟಿ ಕಚ್ಚಿದರು, ಸೂರು ನೋಡಿದರು, ಕಾಲು ಕುಣಿಸಿದರು.

"ಉರಿ?" ಎಂದಳು ಅತ್ತೆ.

ಹಳೆಯ ಉತ್ತರ ಮಾವನ ಬಾಯಿಯವರೆಗೂ ಬಂದು ನಿಂತಿತು.

"ಉರೀತಿದೆ ಕಣೇ! ಬೆಂಕಿ ಬಿದ್ದ ಹಾಗೆ ಉರೀತಿದೆ!"

"ತುರಿಕೆ?"

"ಅದೂ ಇದೆ!"

"ಫೇಲು," ಎಂದಳು ಅತ್ತೆ. ಅವರ ಕೈಯನ್ನು ಮಡಿಲಿಗೆ ಎಳೆದುಕೊಂಡು ಒದ್ದೆಬಟ್ಟೆಯಿಂದ ಒರೆಸತೊಡಗಿದಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಅಮ್ಮ ನನ್ನ ರಟ್ಟೆ ಹಿಡಿದು ಹೊರಗೆ ನಡೆಸಿದಳು. ಮೆಟ್ಟಿಲಿಳಿಯುವಾಗ ಒಳಗಿಂದ ಅತ್ತೆಯ ದನಿ ಕೇಳಿಸಿತು.

"ಸರಿಯಾಗಿ ಹೇಳ್ರೀ, ಇಲ್ಲಿ ಜಾಸ್ತಿನಾ, ಇಲ್ಲಿ ಜಾಸ್ತಿನಾ?"